ಮೂರನೇ ತಗಡು

ಹೋದ ತಿಂಗಳು ಯಶವಂತಪುರದ ಮಾರ್ಕೆಟ್ ಯಾರ್ಡಿನ ಹಿಂದಿನ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲೊಂದು ಲಗೇಜ್ ಆಟೋ ಬಂದು ನಿಂತಿತು. ಒದ್ದೆ ಗೋಣಿತಾಟಿನಲ್ಲಿ ಸುತ್ತಿದ್ದ ಕೊತ್ತಂಬರಿ ಸೊಪ್ಪನ್ನು ಹಮಾಲಿಯೊಬ್ಬ ಇಳಿಸತೊಡಗಿದ. ಸೊಪ್ಪಿನ ಘಮ ಎಲ್ಲರಿಗೂ ಗೊತ್ತಿರುವುದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರಿಗೆ ಅಂಟಿದ್ದ ಕಪ್ಪು ಕೆಸರಿನ ವಾಸನೆ. ಬೋರ್‌ವೆಲ್ ನೀರು ಕುಡಿದ ಮಣ್ಣಿಗೆ ಆ ವಾಸನೆ ಇರುವುದಿಲ್ಲ. ಪಾಚಿ, ಮೀನು, ಕೊಳೆತ ಎಲೆ, ಬಿಸಿಲು ಎಲ್ಲ ಬೆರೆತ ಆ ವಾಸನೆ ಕೆರೆ ನೀರು ಹರಿದ ಮಣ್ಣಿಗೆ ಮಾತ್ರ ಬರುತ್ತದೆ. ನನ್ನ ಬಸ್ಸು ಬಂತು, ಹೋಯಿತು. ನಾನು ಆಟೋ ಪಕ್ಕದಲ್ಲೇ ಇದ್ದೆ.

"ಏನ್ ಸಾರ್, ಸೊಪ್ಪು ಬೇಕಾ?" ಎಂದ ಹಮಾಲಿ.

"ಎಲ್ಲಿಯದಪ್ಪ ಇದು?"

"ಯಲಹಂಕದಿಂದ ಆಚೆದು ಸಾರ್."

ಆಚೆ ಅಂದರೆ ಯಾವ ಊರು ಎಂದು ಕೇಳಲಿಲ್ಲ. ಮನಸ್ಸು ಆಗಲೇ ನಮ್ಮಕ್ಕನ ಊರಿನ ಕಾಲುವೆ ಬದಿಗೆ ಹೋಗಿ ಕೂತಾಗಿತ್ತು.

ನಾನು ಜಾಲಹಳ್ಳಿಯ ಒಂದು ಸರ್ಕಾರಿ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದವನು. ಅಳೆಯುವುದೇ ನನ್ನ ಕೆಲಸ. ಕೂದಲೆಳೆಯ ಹತ್ತರಲ್ಲೊಂದು ಪಾಲು ಹೆಚ್ಚುಕಮ್ಮಿಯಾದರೂ ಪೀಸ್ ವಾಪಸ್ಸು ಬರುತ್ತಿತ್ತು. ಉಕ್ಕಿನ ಒಂದು ಒಳ್ಳೆಯ ಗುಣವೆಂದರೆ ಅಳೆಯುವಾಗ ಅದು ಸುಮ್ಮನೆ ಕೂತಿರುತ್ತದೆ. ಬೆಳಿಗ್ಗೆ ಎಷ್ಟಿತ್ತೋ ಸಂಜೆಗೂ ಅಷ್ಟೇ. ಅಂಥ ಕೆಲಸದಿಂದ ನಿವೃತ್ತನಾಗಿ, ಮನೆಯಲ್ಲಿ ಕಿಟಕಿಯ ಚಿಲಕ, ನಲ್ಲಿಯ ವಾಷರ್ ಸರಿಮಾಡಿಕೊಂಡು ಕೂತಿದ್ದ ವರ್ಷದ ಮಾತು ಇದು.

ನಮ್ಮಕ್ಕ ಜಯಮ್ಮನನ್ನು ಕೊಟ್ಟಿದ್ದು ಯಲಹಂಕದಿಂದ ಉತ್ತರಕ್ಕೆ, ಈಗ ಅರ್ಧ ಊರು ಅರ್ಧ ಲೇಔಟು ಆಗಿರುವ ಒಂದು ಹಳ್ಳಿಗೆ. ಕಾಲುವೆಯ ಕಟ್ಟಕಡೆಯಲ್ಲಿ ಅವಳಿಗೆ ಒಂದೂಕಾಲು ಎಕರೆ ಜಮೀನು. ದಂಟು, ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ ಬೆಳೆಯುತ್ತಾಳೆ. ಕಾಲುವೆ ಎಂದೆನಲ್ಲ, ಇಪ್ಪತ್ತು ಇಪ್ಪತ್ತೈದು ವರ್ಷ ಅದು ಹೆಸರಿಗೆ ಮಾತ್ರ ಕಾಲುವೆ. ಕೆರೆ ಒಣಗಿ ಹುಡುಗರು ಅದರಲ್ಲಿ ಕ್ರಿಕೆಟ್ ಆಡುತ್ತಿದ್ದರು. ಆಮೇಲೆ ಎರಡು ವರ್ಷ ಸಾಲಾಗಿ, ಆಕಾಶಕ್ಕೆ ತೂತು ಬಿದ್ದಂತೆ ಮಳೆ ಸುರಿಯಿತು. ಕೆರೆ ತುಂಬಿ ಕೋಡಿ ಹರಿಯಿತು. ಅಪಾರ್ಟ್‌ಮೆಂಟಿನವರೆಲ್ಲ ಮಕ್ಕಳನ್ನು ಕರೆದುಕೊಂಡು ಬಂದು ಫೋಟೋ ತೆಗೆದುಕೊಂಡರು.

ಊರಿನವರು ಮನೆಗೊಬ್ಬರಂತೆ ಗುದ್ದಲಿ ಹಿಡಿದು, ಲಂಟಾನ ಪೊದೆ, ಪ್ಲಾಸ್ಟಿಕ್ಕು, ಮನೆ ಒಡೆದ ಇಟ್ಟಿಗೆ ಚೂರುಗಳ ಕೆಳಗೆ ಹೂತುಹೋಗಿದ್ದ ಕಾಲುವೆಯನ್ನು ಹುಡುಕಿ ತೆಗೆದರು. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಕೆರೆಯ ತೂಬು ಎತ್ತಿದರು. ಅವತ್ತು ನಾನೂ ಹೋಗಿದ್ದೆ. ನೀರು ನುಗ್ಗಿ ಬರುತ್ತದೆಂದು ನಾನು ತಿಳಿದಿದ್ದೆ. ಹಾಗಾಗಲಿಲ್ಲ. ಅದು ನಡೆದು ಬಂತು. ಒಣ ಎಲೆ, ಇರುವೆ, ನೊರೆ, ಬೇವಿನ ಕಾಯಿ ಎಲ್ಲವನ್ನೂ ಮುಂದಕ್ಕೆ ತಳ್ಳಿಕೊಂಡು, ಬಿರುಕು ಕಂಡಲ್ಲಿ ನಿಂತು ಕುಡಿಸಿ, ಮತ್ತೆ ಹೊರಟು, ಮಗು ಅಂಬೆಗಾಲಿಡುವಷ್ಟೇ ವೇಗದಲ್ಲಿ ಬಂತು. ನಮ್ಮಕ್ಕ ಅದರ ಮುಂದೆ ಹಿಮ್ಮುಖವಾಗಿ ನಡೆಯುತ್ತ, "ಬಾರವ್ವ, ಇತ್ಲಾಗೆ ಬಾ, ನಿಧಾನ್ಕೆ ಬಾ" ಎಂದು ಕರೆಯುತ್ತ ಹೋದಳು. ನೀರು ಅವಳ ಹೊಲ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ನಾನು ಅಷ್ಟು ದೂರವೂ ಹಿಂದೆಯೇ ನಡೆದೆ. ಊಟದ ನೆನಪು ಒಬ್ಬರಿಗೂ ಇರಲಿಲ್ಲ.

ನೀರು ಬಂದ ಹಿಂದೆಯೇ ಜಗಳವೂ ಬಂತು. ಹಿಂದೆ ನೀರು ಹಂಚುತ್ತಿದ್ದ ನೀರಗಂಟಿಯ ಮನೆತನ ಎಂದೋ ಊರು ಬಿಟ್ಟಿತ್ತು. ಹಾಗಾಗಿ ಊರವರೇ ಕೂತು ಒಂದು ಕ್ರಮ ಮಾಡಿಕೊಂಡರು: ಒಂದು ದಿನ ಕಾಲುವೆಯ ಮೇಲಿನವರದು, ಒಂದು ದಿನ ಕೆಳಗಿನವರದು. ಕೆಳಗಿನವರ ದಿನ ಮೇಲಿನವರು ತಮ್ಮ ಹೊಲಕ್ಕೆ ನೀರು ತಿರುಗುವ ಮಡೆಗಳನ್ನೆಲ್ಲ ಮಣ್ಣು ಮೆತ್ತಿ ಮುಚ್ಚಬೇಕು. ಆದರೂ ಕೆಳಗಿನ ಹೊಲಗಳಿಗೆ ನೀರು ಸಾಲುತ್ತಿರಲಿಲ್ಲ. ಮೇಲೆ ತುಂಬಿ ಹೋಗುವ ನೀರು ಕೆಳಗೆ ಬರುವಾಗ ಸೊರಗಿರುತ್ತಿತ್ತು.

ಮೇಲಿನವರಲ್ಲಿ ದೊಡ್ಡ ತೋಟ ಮುನಿಶಾಮಪ್ಪನವರದು. ಸೀಬೆ, ಗುಲಾಬಿ ಬೆಳೆಯುತ್ತಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. ಅವರು ಅಕ್ಕನಿಗೆ ಬೀಗರು. ಅಕ್ಕನ ಮಗಳು ರೂಪಾ ಅವರ ಸೊಸೆ, ಆಗ ಆರು ತಿಂಗಳ ಬಸುರಿ. ಇಷ್ಟಿದ್ದೂ ಒಂದು ದಿನ ಕೆರೆ ಏರಿಯ ಮೇಲೆ ಎಲ್ಲರೆದುರು ನಮ್ಮಕ್ಕ, "ಬಾಯಲ್ಲಿ ಬೀಗ್ತನ, ಕೈಯಲ್ಲಿ ನೀರುಗಳ್ತನ" ಎಂದುಬಿಟ್ಟಳು. ಮುನಿಶಾಮಪ್ಪ ಎದ್ದು ಹೋದರಂತೆ. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಮುಂದಿನ ತಿಂಗಳು ಆಗಬೇಕಿದ್ದ ಸೀಮಂತದ ಸುದ್ದಿಯನ್ನೂ ಯಾರೂ ಎತ್ತಲಿಲ್ಲ.

ಆಗ ಅಕ್ಕ ನನಗೆ ಫೋನ್ ಮಾಡಿದಳು. "ರಾಜ, ಜೀವಮಾನವೆಲ್ಲ ಅಳೆದೂ ಅಳೆದೂ ರಿಟೈರಾದೆ. ಬಂದು ನಮ್ಮ ನೀರೊಂದನ್ನ ಅಳೆದ್ಕೊಡು."

"ಹರಿಯೋ ನೀರನ್ನ ಹೆಂಗಕ್ಕ ಅಳೆಯೋದು?"

"ನಂಗೆ ಗೊತ್ತಿದ್ರೆ ನಿನ್ನ್ಯಾಕೆ ಕರೀತಿದ್ದೆ?"

ಸಂಕ್ರಾಂತಿ ಮುಗಿಸಿಕೊಂಡು ಹೋದೆ. ಮೊದಲು ಹತ್ತು ಮೀಟರ್ ಗುರುತು ಮಾಡಿ, ಒಂದು ನಿಂಬೆಹಣ್ಣು ತೇಲಿಬಿಟ್ಟು, ಎಷ್ಟು ಸೆಕೆಂಡಿನಲ್ಲಿ ದಾಟುತ್ತದೆಂದು ನೋಡಿದೆ. ನಿಂಬೆಹಣ್ಣು ಒಮ್ಮೆ ಹುಲ್ಲಿಗೆ ಸಿಕ್ಕಿಕೊಂಡಿತು, ಒಮ್ಮೆ ಸುಳಿಯಲ್ಲಿ ಸುತ್ತಿತು. ಹತ್ತು ಸಲ ಬಿಟ್ಟರೆ ಹತ್ತು ಉತ್ತರ. ಕಾಲುವೆಯ ತಳವೂ ಒಂದೊಂದು ಕಡೆ ಒಂದೊಂದು ಥರ. ಮೈಕ್ರೋಮೀಟರ್ ಹಿಡಿದ ಕೈಗೆ ಇದು ಅವಮಾನವಾದಂತಿತ್ತು.

ಹೆಬ್ಬಾಳದ ಕಡೆ ಕೃಷಿ ಪಾಠ ಹೇಳುವ ಒಬ್ಬ ಮೇಡಂ ಪರಿಚಯಸ್ಥರ ಮೂಲಕ ಸಿಕ್ಕರು. ನನ್ನ ಕಥೆ ಕೇಳಿ ನಕ್ಕು, ಎರಡು ಹಾಳೆ ಕೊಟ್ಟರು. ಒಂದರಲ್ಲಿ ಚಿತ್ರ, ಒಂದರಲ್ಲಿ ಕೋಷ್ಟಕ. ಕಾಲುವೆಗೆ ಅಡ್ಡಲಾಗಿ ಒಂದು ತಗಡು ನಿಲ್ಲಿಸಬೇಕು. ತಗಡಿನ ನಡುವೆ ಇಂಗ್ಲಿಷಿನ ವಿ ಅಕ್ಷರದ ಹಾಗೆ ಒಂದು ಕಚ್ಚು ಕೊರೆದಿರಬೇಕು. ನೀರೆಲ್ಲ ಆ ಕಚ್ಚಿನಿಂದಲೇ ಹಾಯಬೇಕು. ಕಚ್ಚಿನ ಮೂಲೆಯಿಂದ ನೀರು ಎಷ್ಟು ಎತ್ತರ ನಿಂತಿದೆ ಎಂದು ಓದಿಕೊಂಡರೆ ಸಾಕು, ಸೆಕೆಂಡಿಗೆ ಎಷ್ಟು ಲೀಟರ್ ಎಂದು ಕೋಷ್ಟಕ ಹೇಳುತ್ತದೆ.

"ಅಷ್ಟೇನಾ ಮೇಡಂ?"

"ಅಷ್ಟೇ ಸರ್. ಆದ್ರೆ ಅಂಚು ಚೂಪಾಗಿರಬೇಕು. ನೀರು ತಗಡಿಗೆ ಅಂಟಿಕೊಳ್ಳಬಾರ್ದು, ಎಗರಬೇಕು."

ಚೂಪು ಅಂಚು ನನಗೆ ಬಿಟ್ಟ ಕೆಲಸ. ಪೀಣ್ಯದಲ್ಲಿ ಹಳೆಯ ಸಹೋದ್ಯೋಗಿಯೊಬ್ಬನ ಶೆಡ್ಡಿನಲ್ಲಿ ಎರಡು ಸ್ಟೀಲ್ ತಗಡು ಕತ್ತರಿಸಿ, ಕಚ್ಚಿನ ಕೋನ ಸರಿಯಾಗಿ ತೊಂಬತ್ತು ಡಿಗ್ರಿ ಬರುವಂತೆ ನಾಲ್ಕು ದಿನ ಅರ ಹಾಕಿದೆ. ಒಂದನ್ನು ಮುನಿಶಾಮಪ್ಪನವರ ತೋಟಕ್ಕಿಂತ ಮೇಲೆ, ಒಂದನ್ನು ಅಕ್ಕನ ಹೊಲದ ತಲೆಯಲ್ಲಿ, ಮಟ್ಟಗೋಲು ಇಟ್ಟು ನಿಲ್ಲಿಸಿ, ಸುತ್ತ ಜೇಡಿಮಣ್ಣು ಮೆತ್ತಿದೆವು.

ಮೊದಲ ಸಲ ಮೇಲಿನ ತಗಡಿನ ಹಿಂದೆ ನೀರು ತುಂಬಿ ಕಚ್ಚಿನ ಮೂಲೆಗೆ ಬಂದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೊದಲು ಒಂದು ಹನಿ ಇಣುಕಿ ತಗಡಿಗೆ ಅಂಟಿಕೊಂಡು ಇಳಿಯಿತು. ಆಮೇಲೆ ಒಂದು ಎಳೆ. ಆಮೇಲೆ ಯಾರೋ ಬಿಡಿಸಿದಂತೆ ನೀರು ತಗಡಿನಿಂದ ಕಳಚಿಕೊಂಡು ಗಾಳಿಗೆ ಹಾರಿತು. ಅದರ ಮತ್ತು ತಗಡಿನ ನಡುವೆ ಬೆರಳು ತೂರಿಸುವಷ್ಟು ಜಾಗ. ಹಿಂದಿನಿಂದ ಬಿಸಿಲು ಬಿದ್ದು, ಹಸಿರು ಗಾಜನ್ನು ಬಗ್ಗಿಸಿಟ್ಟಂತೆ ಕಾಣುತ್ತಿತ್ತು. ಎಷ್ಟು ಹೊತ್ತು ನೋಡಿದರೂ ಆ ಗಾಜಿನ ಆಕಾರ ಒಂದಿಷ್ಟೂ ಬದಲಾಗಲಿಲ್ಲ. ಒಳಗಿನ ನೀರು ಕ್ಷಣಕ್ಷಣಕ್ಕೂ ಬೇರೆ, ಆಕಾರ ಮಾತ್ರ ಅದೇ. ಕಬ್ಬಿಣಕ್ಕೆ ಮಾತ್ರ ಆಕಾರ ಇರುತ್ತದೆ ಎಂದು ನಂಬಿದ್ದ ನಾನು ಕೆಸರಿನಲ್ಲಿ ಮಂಡಿಯೂರಿ ಕೂತುಬಿಟ್ಟೆ.

ಆದರೂ ಟೂಲ್‌ರೂಮಿನ ಬುದ್ಧಿ ಬಿಡಬೇಕಲ್ಲ. ಕೋಷ್ಟಕವನ್ನು ನಂಬದೆ, ತಗಡಿನ ಕೆಳಗೆ ಗುಂಡಿ ತೋಡಿ ಇನ್ನೂರು ಲೀಟರಿನ ಡ್ರಮ್ ಇಟ್ಟು, ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿದೆ. ಲೆಕ್ಕ ತಾಳೆಯಾಗಲಿಲ್ಲ. ಮೇಡಂಗೆ ಫೋನ್ ಮಾಡಿದೆ.

"ಎತ್ತರ ಓದೋ ಪಟ್ಟಿ ಎಲ್ಲಿ ನೆಟ್ಟಿದ್ದೀರಾ?"

"ತಗಡಿನ ಮೇಲೇ."

"ಅಲ್ಲಿ ಬೇಡ ಸರ್. ನೀರು ಕಚ್ಚು ಹತ್ತಿರ ಬರೋ ಮೊದಲೇ ತಲೆ ತಗ್ಗಿಸಿರುತ್ತೆ. ಒಂದು ಮೀಟರ್ ಹಿಂದೆ ನೆಡಿ."

ಬಗ್ಗಿ ನೋಡಿದೆ. ನಿಜ. ಕಚ್ಚಿಗೆ ಇನ್ನೂ ಒಂದು ಗೇಣು ಇರುವಾಗಲೇ ನೀರಿನ ಮೈ ಕೆಳಕ್ಕೆ ಬಾಗಿತ್ತು. ಬೀಳುವುದಕ್ಕೆ ಮೊದಲೇ ಅದಕ್ಕೆ ಬೀಳುವುದು ತಿಳಿದಿತ್ತು. ಪಟ್ಟಿ ಹಿಂದಕ್ಕೆ ನೆಟ್ಟು ಮತ್ತೆ ಓದಿದೆ: ಹದಿನೈದು ಸೆಂಟಿಮೀಟರ್. ಕೋಷ್ಟಕದ ಪ್ರಕಾರ ಸೆಕೆಂಡಿಗೆ ಹನ್ನೆರಡು ಲೀಟರ್. ಹದಿನೇಳನೇ ಸೆಕೆಂಡಿಗೆ ಡ್ರಮ್ ತುಂಬಿ ಹರಿಯಿತು. ಎರಡು ಹಾಳೆಯ ಮೇಲಿನ ಅಂಕಿಯನ್ನು ಆ ಕಾಡು ಕಾಲುವೆ ಕಲಿತ ಮಗುವಿನ ಹಾಗೆ ಒಪ್ಪಿಸಿತು.

ಮೇಲಿನ ಪಟ್ಟಿ ಓದಲು ರೂಪಾ ಒಪ್ಪಿಕೊಂಡಳು. ತೋಟದ ಪಕ್ಕದಲ್ಲೇ ಮನೆ. ಕೆಳಗಿನದನ್ನು ಅಕ್ಕ ಓದುತ್ತಿದ್ದಳು. ಕೆಳಗಿನವರ ದಿನ ಬೆಳಿಗ್ಗೆ ಎಂಟಕ್ಕೆ, ಹನ್ನೆರಡಕ್ಕೆ, ನಾಲ್ಕಕ್ಕೆ ಓದಿ, ಫೋನಿನಲ್ಲಿ ಹೇಳಿಕೊಂಡು ಬರೆದಿಡಬೇಕು. ಒಂದು ತಿಂಗಳಿಂದ ಮಾತು ಬಿಟ್ಟಿದ್ದ ತಾಯಿ ಮಗಳು ಹೀಗೆ ದಿನ ಬಿಟ್ಟು ದಿನ ಮೂರು ಸಲ ಮಾತಾಡತೊಡಗಿದರು.

"ಹದಿನೈದು," ಎನ್ನುತ್ತಿದ್ದಳು ಮಗಳು.

"ಅನ್ನೆರಡು," ಎನ್ನುತ್ತಿದ್ದಳು ತಾಯಿ. ಅಂಕಿ ಬರೆದುಕೊಂಡು, "ಬಿಸಿಲಲ್ಲಿ ನಿಂತ್ಕಬೇಡ," ಎಂದು ಫೋನ್ ಇಡುತ್ತಿದ್ದಳು.

ಹದಿನೈದು ಮತ್ತು ಹನ್ನೆರಡು. ಮೂರು ಸೆಂಟಿಮೀಟರ್, ಅಂದರೆ ಎರಡು ಬೆರಳಿನ ದಪ್ಪ. ಊರವರಿಗೆ ಇದು ಏನೂ ಅಲ್ಲ ಅನ್ನಿಸಿತು. ಆದರೆ ಈ ಕಚ್ಚಿನ ಲೆಕ್ಕ ಸೀದಾ ಅಲ್ಲ. ಮೂಲೆಯಿಂದ ಮೇಲೇರಿದಷ್ಟೂ ಬಾಯಿ ಅಗಲವಾಗುತ್ತದೆ, ನೀರಿನ ಓಟವೂ ಹೆಚ್ಚುತ್ತದೆ. ಎತ್ತರ ಎರಡರಷ್ಟಾದರೆ ನೀರು ಐದರಷ್ಟನ್ನೂ ದಾಟುತ್ತದೆ. ಹಾಗಾಗಿ ಆ ಎರಡು ಬೆರಳಿನಲ್ಲಿ ಸೆಕೆಂಡಿಗೆ ಐದು ಲೀಟರ್ ಅಡಗಿತ್ತು. ಹನ್ನೆರಡು ಹೊರಟರೆ ಏಳು ಸೇರುತ್ತಿತ್ತು.

ಎರಡು ವಾರ ಓದಿದ ಮೇಲೆ ಊರವರು ಒಂದು ಭಾನುವಾರ ಬೆಳಿಗ್ಗೆ ತೂಬಿನ ಹತ್ತಿರ ಸೇರಿದರು. ನನ್ನನ್ನು ಮಾತಾಡಿ ಎಂದರು. ನಾನು ಅಂಕಿಗಳನ್ನು ಹೇಳಿದೆ. ಡ್ರಮ್ಮಿನ ಪರೀಕ್ಷೆ ಹೇಳಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ನಡುವೆ ಇರೋ ದೊಡ್ಡ ತೋಟ ಒಂದೇ. ಮುನಿಶಾಮಣ್ಣನವರೇ ಹೇಳಬೇಕು, ಐದು ಲೀಟರ್ ಎಲ್ಲಿ ಹೋಯ್ತು ಅಂತ," ಎಂದುಬಿಟ್ಟೆ.

ಗುಂಪಿನಲ್ಲಿ ಗುಸುಗುಸು ಎದ್ದಿತು. ಯಾರೋ ಶಿಳ್ಳೆ ಹೊಡೆದರು. ಮುನಿಶಾಮಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ನಿಧಾನವಾಗಿ ಎದ್ದು ನಿಂತರು.

"ರಾಜಣ್ಣ, ನೀವು ಓದ್ದೋರು. ನೀವು ಅಳೆದಿದ್ದು ಎರಡು ಕಡೆ. ಎರಡರ ಮಧ್ಯೆ ನನ್ನ ತೋಟ ಒಂದೇ ಐತಾ? ಕಲ್ಲು, ಮಣ್ಣು, ಮರ ಏನೂ ಇಲ್ವಾ? ನನ್ನ ಬೇಲಿ ಮುಗಿಯೋ ಕಡೆ ಇನ್ನೊಂದು ತಗಡು ಇಕ್ಕಿ. ಆಮೇಲೆ ಏನಂತೀರೋ ಅನ್ನಿ. ತಲೆ ಬಗ್ಗಿಸ್ತೀನಿ."

ಅವರು ಹೊರಟುಹೋದರು. ಹಿಂದೆ ನಿಂತಿದ್ದ ರೂಪಾ, ಏದುಸಿರು ಬಿಡುತ್ತ ನನ್ನ ಹತ್ತಿರ ಬಂದಳು.

"ಮಾಮ, ನಂಬರ್ ಹೇಳಿದ್ದು ಸರಿ. ಹೆಸರ್ಯಾಕೆ ಹೇಳ್ದೆ?"

ನಾನು ಕೋಷ್ಟಕದ ಹಾಳೆ ಮಡಚತೊಡಗಿದೆ.

"ನನ್ನ ಕೈಯಲ್ಲೇ ಓದಿಸಿ, ನಾನು ಬರೆದ ನಂಬರಲ್ಲೇ ನಮ್ಮಾವನ್ನ ಕಳ್ಳ ಅನ್ನಿಸಿದ್ಯಲ್ಲ. ನಾನು ಇವತ್ತು ಯಾವ ಮುಖ ಇಟ್ಕೊಂಡು ಆ ಮನೆಗೆ ಹೋಗ್ಲಿ?" ನೋಟ್‌ಪುಸ್ತಕವನ್ನು ನನ್ನ ಕೈಗೆ ತುರುಕಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಏರಿ ಇಳಿದು ಹೋದಳು. ಅಕ್ಕ ಕೂಗಿದಳು. ಅವಳು ತಿರುಗಲಿಲ್ಲ.

ಮೂವತ್ತು ವರ್ಷದ ಸರ್ವೀಸಿನಲ್ಲಿ ಅಳತೆ ತಪ್ಪಿ ನಾನು ಬೈಸಿಕೊಂಡಿದ್ದೇನೆ. ಅಳತೆ ಸರಿಯಿದ್ದೂ ತಪ್ಪಿತಸ್ಥನಾದದ್ದು ಅವತ್ತೇ ಮೊದಲು. ಮೂರನೇ ತಗಡನ್ನು ಎರಡೇ ದಿನದಲ್ಲಿ ಮಾಡಿದೆ. ಮಾಡುವಾಗ, ಒಂದು ವೇಳೆ ಮುನಿಶಾಮಪ್ಪ ನಿಜವಾಗಿಯೂ ಕದ್ದಿದ್ದರೆ ನನ್ನ ಮಾತು ಉಳಿಯುತ್ತದಲ್ಲ ಎಂಬ ಸಣ್ಣ ಆಸೆಯೂ ಮನಸ್ಸಿನಲ್ಲಿತ್ತು. ಅದನ್ನು ಈಗ ಮುಚ್ಚಿಟ್ಟು ಏನು ಪ್ರಯೋಜನ?

ತೋಟದ ಬೇಲಿ ಮುಗಿಯುವ ಕಡೆ ತಗಡು ನೆಡುವಾಗ ಮುನಿಶಾಮಪ್ಪ ಬಂದು ಕಾಲುವೆ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಕಚ್ಚಿನ ಅಂಚನ್ನು ಬೆರಳಿಂದ ಸವರಿ, "ಕತ್ತಿ ಇದ್ದಂಗೈತೆ," ಎಂದರು, ತಮಗೆ ತಾವೇ. ನೀರು ತುಂಬಿತು, ಕಳಚಿಕೊಂಡು ಹಾರಿತು. ಅಲುಗಾಟ ನಿಲ್ಲಲೆಂದು ಅರ್ಧ ಗಂಟೆ ಕಾದೆವು. ನಾನು ಪಟ್ಟಿ ಓದಿದೆ. ಹದಿನೈದಕ್ಕೆ ಎರಡೇ ಮಿಲಿಮೀಟರ್ ಕಮ್ಮಿ.

ಮತ್ತೆ ಓದಿದೆ. ಅಷ್ಟೇ. ತೋಟಕ್ಕೆ ಬಂದ ನೀರು ಹೆಚ್ಚುಕಮ್ಮಿ ಪೂರ್ತಿ ತೋಟ ದಾಟಿ ಹೋಗುತ್ತಿತ್ತು.

"ಹದಿನಾಲ್ಕು ಪಾಯಿಂಟ್ ಎಂಟು," ಎಂದೆ. "ಮುನಿಶಾಮಣ್ಣ, ನೀವು ಒಂದು ಚೆಂಬು ನೀರೂ ತೆಗೆದಿಲ್ಲ. ತಪ್ಪಾಯ್ತು."

ಅವರು ಬಗ್ಗಿ ಪಟ್ಟಿಯ ಗೆರೆಯನ್ನು ತಾವೇ ಬೆರಳಿಟ್ಟು ನೋಡಿದರು.

"ರಾಜಣ್ಣ," ಎಂದರು ಆಮೇಲೆ, "ಅವತ್ತು ಎಲ್ರೆದ್ರು ಇನ್ನೊಂದು ತಗಡು ಇಕ್ಕಿ ಅಂದ್ನಲ್ಲ, ಅವಾಗ ನಂಗೂ ಗೊತ್ತಿರ್ಲಿಲ್ಲ."

"ಏನು ಗೊತ್ತಿರ್ಲಿಲ್ಲ?"

"ನಾನಂತೂ ಕದ್ದಿಲ್ಲ. ನನ್ನ ಮಗ? ಗುಲಾಬಿಗೆ ನೀರು ಸಾಲ್ದು ಅಂತ ಗೊಣಗ್ತಿದ್ದ. ಮಣ್ಣೊಳಗೆ ಏನಾರ ಪೈಪ್ ಇಕ್ಕವ್ನೇನೋ ಅಂತ ನನ್ನೆದೇಲಿ ಅವಲಕ್ಕಿ ಕುಟ್ದಂಗಾಗ್ತಿತ್ತು. ಅವನ್ನ ಕೇಳಕ್ಕೆ ಧೈರ್ಯ ಬರ್ಲಿಲ್ಲ. ನೀರೇ ನಿಜ ಏಳ್ಲಿ ಅಂತ ಬಿಟ್ಟೆ."

ನಾನು ಅವರ ಮುಖವನ್ನೇ ನೋಡಿದೆ. ತನ್ನ ಮನೆಯವನೇ ಕಳ್ಳನಾಗಿರಬಹುದು ಎಂಬ ಭಯವಿದ್ದೂ, ಊರೆಲ್ಲ ಸೇರಿದ ಕಡೆ, ನನ್ನ ಬೇಲಿಯ ಹತ್ತಿರ ಅಳೆಯಿರಿ ಎಂದು ಆ ಮನುಷ್ಯ ಕೇಳಿದ್ದ. ನಾನು ಅಂಥ ಜಾಗದಲ್ಲಿದ್ದರೆ ಕೇಳುತ್ತಿದ್ದೆನೇ? ನೂರು ನೆಪ ಹುಡುಕುತ್ತಿದ್ದೆ. ನೀರು ತಗಡು ಬಿಟ್ಟು ಹಾರಿದ್ದನ್ನು ಕಂಡು ಮಂಡಿಯೂರಿದ್ದೆನಲ್ಲ, ಅವತ್ತು ಅದಕ್ಕಿಂತ ದೊಡ್ಡದನ್ನು ಕಂಡೆ.

"ಏಳಿ," ಎಂದರು ಮುನಿಶಾಮಪ್ಪ, ಟವೆಲ್ ಕೊಡವಿ. "ಆ ಐದು ಲೀಟ್ರು ಎಲ್ಲೋಯ್ತು ನೋಡೋಣ. ಅದು ಸಿಕ್ಕೋಗಂಟ ನಿಮ್ಮಕ್ಕ ಸುಮ್ನಾಗಲ್ಲ."

ಇಬ್ಬರೂ ಕಾಲುವೆಯ ಗುಂಟ ಕೆಳಕ್ಕೆ ನಡೆದೆವು. ಬೇಲಿ ದಾಟಿ ಇನ್ನೂರು ಹೆಜ್ಜೆಗೆ ಕಾಲುವೆಯ ತಳದ ಬಣ್ಣ ಬದಲಾಯಿತು. ಜೇಡಿಮಣ್ಣು ಮುಗಿದು ಸಣ್ಣಕಲ್ಲು ಬೆರೆತ ಒರಟು ಗರಸು ಶುರುವಾಗಿತ್ತು. ಹಳೆಯ ಕಾಲದಲ್ಲಿ ವರ್ಷವೆಲ್ಲ ನೀರು ಹರಿದು ಹೂಳಿನಿಂದ ಮುಚ್ಚಿಕೊಂಡಿದ್ದ ಆ ಗರಸನ್ನು, ಚೊಕ್ಕಟ ಮಾಡುವ ಹುರುಪಿನಲ್ಲಿ ನಮ್ಮವರೇ ಗುದ್ದಲಿಯಿಂದ ಕೆರೆದು ಬಾಯಿ ತೆರೆಸಿದ್ದರು. ಕಿವಿಗೊಟ್ಟರೆ ಅಲ್ಲಲ್ಲಿ ಸಣ್ಣ ಗುಳ್ಳೆ ಒಡೆಯುವ ಸದ್ದು. ನೆಲ ಕುಡಿಯುತ್ತಿತ್ತು.

ಅಲ್ಲಿಂದ ಬಲಕ್ಕೆ ಹುಣಸೆ ಮರಗಳ ನಡುವೆ ಒಂದು ಹೆಂಚಿನ ಮನೆ. ಮನೆಯೊಡತಿ ಜೈಬುನ್ನೀಸಾ. ಊರಿಗೆಲ್ಲ ಬೂಬಮ್ಮ. ಮಗ ಆರ್.ಟಿ. ನಗರದಲ್ಲಿ ಟೈಲರ್ ಅಂಗಡಿ ಇಟ್ಟಿದ್ದಾನೆ, ಈಕೆ ಮೇಕೆ ಸಾಕಿಕೊಂಡು ಇಲ್ಲೇ ಇದ್ದಾರೆ. ಮನೆಯ ಹಿಂದೆ ಅವರ ಮಾವನ ಕಾಲದ ಒಂದು ತೆರೆದ ಬಾವಿ, ಕಲ್ಲು ಕಟ್ಟಿದ್ದು, ಇಳಿಯಲು ಮೆಟ್ಟಿಲಿರುವುದು. ಇಪ್ಪತ್ತು ವರ್ಷದಿಂದ ಒಣಗಿದ ಬಾವಿಯೆಂದು ಮುನಿಶಾಮಪ್ಪನವರಿಗೆ ನೆನಪಿತ್ತು. ಈಗ ನೋಡಿದರೆ ಅದರ ಬಾಯಿಯ ಮೇಲೆ ಬಿದಿರು ಅಡ್ಡ ಹಾಕಿ ತೆಂಗಿನ ಗರಿ ಒತ್ತಾಗಿ ಹೊದಿಸಿತ್ತು.

"ಬೂಬಮ್ಮ, ಬಾವಿ ಯಾಕಮ್ಮ ಮುಚ್ಚಿದ್ದೀಯ?"

ಆಕೆ ಸೆರಗನ್ನು ತಲೆಗೆಳೆದುಕೊಂಡು ಬಾಗಿಲಲ್ಲೇ ನಿಂತರು. ಮುಖ ಬಿಳಿಚಿಕೊಂಡಿತ್ತು. "ನಾನೇನೂ ಮಾಡಿಲ್ಲ ಅಣ್ಣಾ. ಅದೇ ಬಂದೈತೆ."

"ಏನು ಬಂದೈತೆ?"

"ಪಾನಿ."

ನಾವು ಗರಿ ಸರಿಸಿದೆವು. ಒಳಗೆ ಆಕಾಶವಿತ್ತು. ಚೌಕ ಕಲ್ಲಿನ ಕಟ್ಟು, ಅದರ ನಡುವೆ ಅಲುಗಾಡದ ನೀಲಿ, ನಮ್ಮಿಬ್ಬರ ತಲೆ. ನಾನು ಮೆಟ್ಟಿಲಿಳಿದೆ. ತಂಪು ಮೊದಲು ಪಾದಕ್ಕೆ, ಆಮೇಲೆ ಮುಖಕ್ಕೆ ಬಂತು. ಕಾಲುವೆಯ ಕಡೆಯ ಗೋಡೆಯಲ್ಲಿ ಎರಡು ಕಲ್ಲಿನ ಸಂದಿನಿಂದ ನೀರು ಸುಮ್ಮನೆ, ಸದ್ದಿಲ್ಲದೆ, ಕಲ್ಲನ್ನು ನೆಕ್ಕಿಕೊಂಡು ಇಳಿಯುತ್ತಿತ್ತು. ಬೊಗಸೆ ಒಡ್ಡಿದೆ. ಕೆರೆಯಲ್ಲಿ ಹಸಿರಾಗಿದ್ದ, ಕಾಲುವೆಯಲ್ಲಿ ಕಂದು ಬಣ್ಣಕ್ಕೆ ತಿರುಗಿದ್ದ ನೀರು ನನ್ನ ಅಂಗೈಯ ಗೆರೆ ಎಣಿಸಬಹುದಾದಷ್ಟು ತಿಳಿಯಾಗಿತ್ತು. ಯಾವ ಫಿಲ್ಟರೂ ಇಲ್ಲ, ಮೋಟಾರೂ ಇಲ್ಲ. ನೆಲದೊಳಗೆ ಅರವತ್ತು ಎಪ್ಪತ್ತು ಹೆಜ್ಜೆ ಬಂದಿತ್ತು, ಅಷ್ಟೇ. ಎರಡು ತಿಂಗಳು ಊರೆಲ್ಲ ಕಳ್ಳನನ್ನು ಹುಡುಕುತ್ತಿದ್ದಾಗ, ಆ ನೀರು ಇಲ್ಲಿ ಕತ್ತಲಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು.

ಮೇಲೆ ಬೂಬಮ್ಮ ಅಳುತ್ತಿದ್ದರು. "ಏರಿ ಮ್ಯಾಲೆ ನೀರುಗಳ್ಳ ನೀರುಗಳ್ಳ ಅಂತ ಕೂಗಾಡ್ತಿದ್ರು. ನಮ್ಮ ಬಾವೀಲಿ ಕಂಡ್ರೆ ನಮ್ಮನ್ನೇ ಅಂತಾರೆ ಅಂತ ಮುಚ್ಚಿಟ್ಟೆ ಅಣ್ಣಾ. ಬೆಳಿಗ್ಗೆ ಒಂದೇ ಬಿಂದಿಗೆ ಸೇದ್ತೀನಿ. ಅಲ್ಲಾ ಕಸಮ್, ಒಂದೇ."

ಮುನಿಶಾಮಪ್ಪ ಆಕೆಯ ಮುಂದೆ ಕೈಮುಗಿದರು. "ಇನ್ನೂ ಎರಡು ಸೇದಮ್ಮ. ನಿನ್ನ ಬಾವಿ."

ಆದರೂ ಅದು ಕಾಲುವೆಯ ನೀರೇ ಎಂದು ಖಚಿತವಾಗಬೇಕಿತ್ತು. ಇನ್ನೊಂದು ಸಲ ಹೆಸರು ಹೇಳಿ ತಪ್ಪು ಮಾಡಲು ನಾನು ಸಿದ್ಧನಿರಲಿಲ್ಲ. ನಾಲ್ಕು ದಿನ ತೂಬು ಮುಚ್ಚಿಸಿದೆ. ಅಕ್ಕನ ಕಡೆಯವರು ಗೊಣಗಿದರೂ ಒಪ್ಪಿದರು. ಬಾವಿಯ ಕಲ್ಲಿಗೆ ಪಟ್ಟಿ ಕಟ್ಟಿ ಕೂತೆ. ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನ ಸಂಜೆಯಿಂದ ನೀರು ಇಳಿಯತೊಡಗಿತು. ಐದನೇ ದಿನ ಬೆಳಿಗ್ಗೆ ತೂಬು ಎತ್ತಿದೆವು. ಬಾವಿಯ ನೀರು ಇಳಿಯುತ್ತಲೇ ಇತ್ತು. ಮಾರನೆಯ ದಿನ ಮಧ್ಯಾಹ್ನದ ನಂತರ ನಿಂತಿತು, ಸಂಜೆಗೆ ಒಂದು ಗೆರೆ ಏರಿತು. ಮೇಲೆ ಓಡುತ್ತ ಬಂದ ನೀರು ಕೆಳಗೆ ಒಂದೂವರೆ ದಿನ ನಡೆದು ಬಂದಿತ್ತು. ಪಕ್ಕದಲ್ಲಿ ಕೂತಿದ್ದ ಬೂಬಮ್ಮ, "ಬಂತಾ ಭಾಯ್?" ಎಂದರು. "ಬಂತು," ಎಂದೆ.

ಸುದ್ದಿಯನ್ನು ತೂಬಿನ ಹತ್ತಿರವೇ, ಎಲ್ಲರೆದುರೇ ಹೇಳಿದೆ. ಮೊದಲು ನನ್ನ ತಪ್ಪು, ಆಮೇಲೆ ಅಂಕಿ. ಅಕ್ಕ ತಲೆ ತಗ್ಗಿಸಿ ಕೇಳಿದಳು. ಮುಗಿಯುತ್ತಲೇ ಎದ್ದು, ಯಾರನ್ನೂ ನೋಡದೆ, ಸೀದಾ ಮುನಿಶಾಮಪ್ಪನವರ ತೋಟದ ಮನೆಗೆ ನಡೆದಳು. ನಾನು ಹಿಂದೆಯೇ ಓಡಿದೆ. ರೂಪಾ ಜಗುಲಿಯ ಮೇಲೆ ಹೂ ಕಟ್ಟುತ್ತಿದ್ದಳು. ಅಕ್ಕ ಬಾಗಿಲಲ್ಲಿ ನಿಂತು, "ಬೀಗ್ರೆ, ನನ್ನ ನಾಲ್ಗೆ ಸುಟ್ಟೋಗ," ಎಂದಳು.

ಅವತ್ತು ತೂಬಿನ ಹತ್ತಿರ ಬಾರದೆ ಮನೆಯಲ್ಲೇ ಇದ್ದ ಮುನಿಶಾಮಪ್ಪ ಒಳಗಿನಿಂದಲೇ, "ನಾಲ್ಗೆ ಸುಟ್ಕೊಂಡ್ರೆ ಸೀಮಂತಕ್ಕೆ ಸೋಬಾನೆ ಯಾರಮ್ಮ ಏಳೋರು? ಒಳಕ್ಕೆ ಬಾ," ಎಂದರು.

ರೂಪಾ ಕಟ್ಟುತ್ತಿದ್ದ ಹೂವನ್ನು ಹಾಗೇ ಬಿಟ್ಟು ಅಮ್ಮನ ಭುಜಕ್ಕೆ ಮುಖ ಒತ್ತಿಕೊಂಡಳು. ನನ್ನ ಜೊತೆ ಮಾತ್ರ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಫೋನ್ ಮಾಡಿ, "ಮಾಮ, ನೋಟ್‌ಪುಸ್ತಕ ವಾಪಸ್ ತಂದ್ಕೊಡು. ಇವತ್ತು ಹದಿನಾಲ್ಕೂವರೆ ಐತೆ, ಎಲ್ಲಿ ಬರೀಲಿ?" ಎಂದಳು.

ಗರಸಿನ ಜಾಗಕ್ಕೆ ಸಿಮೆಂಟ್ ಹಾಕಿಸಬೇಕೆಂದು ಕೆಲವರು ಹೇಳಿದರು. ಅಕ್ಕ, ಇಡೀ ಜಗಳ ಶುರುಮಾಡಿದ ಅಕ್ಕ, ಬೇಡ ಎಂದಳು. "ಬೂಬಮ್ಮನ ಬಾವಿ ಒಣಗಿಸಿ ನಾನು ಸೊಪ್ಪು ಬೆಳೀಬೇಕಾ?" ಕೊನೆಗೆ ಕೆಳಗಿನವರಿಗೆ ವಾರಕ್ಕೊಂದು ದಿನ ಹೆಚ್ಚು ನೀರು ಕೊಡುವುದೆಂದೂ, ಕಾಲುವೆ ನಿಂತ ಮೇಲೆ ಬಾವಿಯಿಂದ ಹತ್ತಿರದ ಐದಾರು ಹೊಲದವರು ಸರದಿಯ ಮೇಲೆ ನೀರೆತ್ತುವುದೆಂದೂ ಮಾತಾಯಿತು. ಬೂಬಮ್ಮನಿಗೆ ಸೊಪ್ಪು ಬೇಕಾದಾಗ ಯಾರ ಹೊಲಕ್ಕಾದರೂ ಇಳಿಯಬಹುದು. ಅದು ಆಕೆ ಕೇಳಿದ್ದಲ್ಲ, ಹೊಲದವರೇ ಮುಂದಾಗಿ ಹೇಳಿದ್ದು.

ಯುಗಾದಿ ಹತ್ತಿರ ಬಂದಂತೆ ಕೆರೆ ತಗ್ಗಿತು. ಪಟ್ಟಿಯ ಮೇಲೆ ಹತ್ತು, ಏಳು, ನಾಲ್ಕು. ಒಂದು ಬೆಳಿಗ್ಗೆ ನೀರಿಗೆ ಹಾರುವ ಕಸುವು ಇರಲಿಲ್ಲ. ತಗಡನ್ನು ತಬ್ಬಿಕೊಂಡು ಇಳಿಯತೊಡಗಿತು. ಇನ್ನು ಈ ಅಳತೆಗೆ ಅರ್ಥವಿಲ್ಲ ಎಂದು ಮೇಡಂ ಕೊಟ್ಟ ಹಾಳೆಯಲ್ಲೇ ಬರೆದಿತ್ತು. ಮೂರೂ ತಗಡು ಕಿತ್ತು, ಒರೆಸಿ, ಎಣ್ಣೆ ಸವರಿ ಅಕ್ಕನ ಅಟ್ಟಕ್ಕೆ ಹಾಕಿದೆ.

ಮೇ ತಿಂಗಳ ನಡುವಿನಲ್ಲಿ ಮಗುವನ್ನು ನೋಡಲು ಹೋದೆ. ರೂಪಾಗೆ ಹೆಣ್ಣಾಗಿತ್ತು, ಬಾಣಂತನ ಅಕ್ಕನ ಮನೆಯಲ್ಲಿ. ಕಾಲುವೆ ಒಣಗಿ ತಿಂಗಳ ಮೇಲಾಗಿತ್ತು, ತಳದ ಕೆಸರು ಹಪ್ಪಳದಂತೆ ಸುರುಳಿ ಎದ್ದಿತ್ತು. ಅದರಲ್ಲೇ ನಡೆದು ಬೂಬಮ್ಮನ ಬಾವಿಗೆ ಹೋದೆ. ಬಾವಿಕಟ್ಟೆಯ ಮೇಲೆ ಅಕ್ಕ, ಮುನಿಶಾಮಪ್ಪ ಇಬ್ಬರೂ ಕೂತಿದ್ದರು. ಗುರುವಾರದ ಸರದಿ ಯಾರದೆಂದು ಜೋರಾಗಿ ವಾದ ನಡೆದಿತ್ತು. ಬೂಬಮ್ಮ ನಡುವೆ ಕೂತು ಇಬ್ಬರಿಗೂ ಬೈಯುತ್ತಿದ್ದರು.

ನಾನು ಅವರನ್ನು ದಾಟಿ ಮೆಟ್ಟಿಲಿಳಿದೆ. ಹನ್ನೊಂದು ಮೆಟ್ಟಿಲು ಇಳಿದ ಮೇಲೆ ನೀರು ಸಿಕ್ಕಿತು. ಮೇಲೆ ನೆಲ ಕಾದ ಕಾವಲಿಯಾಗಿತ್ತು. ಇಲ್ಲಿ ಆ ಎರಡು ಕಲ್ಲಿನ ಸಂದಿಗೆ ಕೈ ಒತ್ತಿದೆ. ಒದ್ದೆಯಾಗಿತ್ತು. ಸ್ವಲ್ಪ ಹೊತ್ತು ಒತ್ತಿಯೇ ಹಿಡಿದಾಗ ಬೆರಳ ಸಂದಿಯಿಂದ ಒಂದು ಎಳೆ ಇಳಿದು ಮೊಣಕೈವರೆಗೂ ಹರಿಯಿತು. ಕೆರೆಯಲ್ಲಿ ಇಲ್ಲದ, ಕಾಲುವೆಯಲ್ಲಿ ಇಲ್ಲದ ನೀರು ಕಲ್ಲಿನ ಹಿಂದೆ ಇನ್ನೂ ದಾರಿಯಲ್ಲಿತ್ತು. ನಾನು ಹಾಗೇ ನಿಂತೆ.

"ಭಾಯ್," ಮೇಲಿನಿಂದ ಬೂಬಮ್ಮ ಕೂಗಿದರು, "ಗುರುವಾರದ್ದು ಇತ್ಯರ್ಥ ಆಯ್ತು. ಬೇಗ ಬನ್ನಿ, ಚಾ ಆರ್ತಾ ಐತೆ."